ಏರಿಯ ಹಿಂದೆ ಒಸರುವ ನೀರು

ಮಣ್ಣಿನ ಅಣೆಕಟ್ಟು ಸೋರಿಯೇ ಸೋರುತ್ತದೆ. ಎಷ್ಟು ದಮ್ಮಸು ಮಾಡಿ ಕಟ್ಟಿದರೂ ನೀರು ಮಣ್ಣಿನ ಕಣಗಳ ಸಂದಿಯಲ್ಲೇ ದಾರಿ ಹುಡುಕಿಕೊಂಡು ಏರಿಯ ಹಿಂಬದಿಗೆ ಬರುತ್ತದೆ. ಹಳೆಯ ನೀರಾವರಿ ಕಟ್ಟೆಗಳನ್ನು ಬಲ್ಲ ಎಂಜಿನಿಯರುಗಳು ಅಲ್ಲಿ ತೇವ ಕಂಡ ಕೂಡಲೇ ಗಾಬರಿಯಾಗುವುದಿಲ್ಲ. ಒಸರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡುತ್ತಾರೆ. ತಿಳಿಯಾಗಿದ್ದರೆ ಎಷ್ಟು ಬರುತ್ತಿದೆಯೆಂದು ಅಳೆದು ಬರೆದಿಡುತ್ತಾರೆ. ಕದಡಿದ್ದರೆ ಏರಿಯ ಹೊಟ್ಟೆಯ ಮಣ್ಣೇ ಹೊರಗೆ ಬರುತ್ತಿದೆ ಎಂದರ್ಥ. ಆಮೇಲೆ ತಡಮಾಡುವಂತಿಲ್ಲ.

ಎಷ್ಟು ತಡಮಾಡುವಂತಿಲ್ಲ ಎಂಬುದನ್ನು ಅಮೆರಿಕದ ಐಡಾಹೊ ರಾಜ್ಯದ ಟೀಟನ್ ಅಣೆಕಟ್ಟು ತೋರಿಸಿಕೊಟ್ಟಿತು. ನೀರಾವರಿಗೆಂದೇ ಮುಖ್ಯವಾಗಿ ಕಟ್ಟಿದ, ಸುಮಾರು 93 ಮೀಟರ್ ಎತ್ತರದ ಮಣ್ಣಿನ ಕಟ್ಟೆ ಅದು. ಮೊದಲ ಬಾರಿ ತುಂಬುತ್ತಿತ್ತು. 1976ರ ಜೂನ್ 5ರ ಬೆಳಿಗ್ಗೆ ಕೆಸರು ನೀರು ಕಾಣಿಸಿತು. ತೂತು ಮುಚ್ಚಲು ಕಳಿಸಿದ ಬುಲ್ಡೋಜರುಗಳೇ ಅದರೊಳಗೆ ಜಾರಿದವು. ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಕುಸಿದಿತ್ತು. 11 ಜನ ಸತ್ತರು.

ಒಸರುವ ನೀರು ಹೀಗೆ ಏರಿಯ ಮಣ್ಣನ್ನು ಕೊರೆದು ಹೊರಗೆ ತರುವುದನ್ನು ಎಂಜಿನಿಯರುಗಳು ‘ಪೈಪಿಂಗ್’ ಎನ್ನುತ್ತಾರೆ. ಸಾಮಾನ್ಯವಾಗಿ ಕೊರೆತ ಶುರುವಾಗುವುದು ನೀರು ಹೊರಬೀಳುವ ಜಾಗದಲ್ಲಿ. ಅಲ್ಲಿ ಒಂದೊಂದೇ ಕಣ ಕಳಚಿ, ತೂತು ಹಿಂದಹಿಂದಕ್ಕೆ ಕೆರೆಯ ಕಡೆ ಬೆಳೆಯುತ್ತದೆ. ನೀರಿನ ಅಂಗಳ ಮುಟ್ಟಿದ ಮೇಲೆ ಅದು ಸುರಂಗ. ಹಳೆಯ ಏರಿಗಳಲ್ಲಿ ಇದಕ್ಕೆ ಸಿದ್ಧ ದಾರಿಗಳು ಬೇಕಾದಷ್ಟಿರುತ್ತವೆ: ಹೆಗ್ಗಣದ ಬಿಲ, ಗೆದ್ದಲಿನ ಗೂಡು, ಸತ್ತು ಕೊಳೆತ ಜಾಲಿಯ ಬೇರು. ಎಲ್ಲಕ್ಕಿಂತ ಅಪಾಯದ್ದು ತೂಬಿನ ಕೊಳವೆಯ ಅಕ್ಕಪಕ್ಕ. ಕಲ್ಲಿಗೋ ಕಾಂಕ್ರೀಟಿಗೋ ಒತ್ತಿಕೊಂಡ ಮಣ್ಣನ್ನು ಗಟ್ಟಿಯಾಗಿ ಕೂರಿಸುವುದು ಕಷ್ಟ. ನೀರು ಆ ಸಂದನ್ನೇ ಹಿಡಿಯುತ್ತದೆ.

ನಮ್ಮ ಹಿರಿಯರಿಗೆ ಇದು ತಿಳಿಯದ್ದೇನಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ, ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಟ್ಟಬಹುದಾದ ಆರು ದೋಷಗಳನ್ನೂ ಪಟ್ಟಿ ಮಾಡಿದೆ. ದೋಷಗಳಲ್ಲಿ ಮೊದಲನೆಯದೇ ಏರಿಯಿಂದ ನೀರು ಒಸರುವುದು. ಕನ್ನಡ ನಾಡಿನ ಶಾಸನಗಳಲ್ಲೂ ಕೆರೆಯ ದುರಸ್ತಿಗೆ ಬಿಟ್ಟ ಕಟ್ಟುಕೊಡುಗೆ ಜಮೀನು, ಹೂಳು ಹೊತ್ತು ಏರಿಗೆ ಮಣ್ಣು ಹಾಕುವ ಕೆರೆಬಂಡಿಯ ದತ್ತಿ ಮತ್ತೆ ಮತ್ತೆ ಬರುತ್ತವೆ. ಕಟ್ಟಿದ ದಿನವೇ ರಿಪೇರಿಗೂ ಹಣ ಮೀಸಲಿಡುತ್ತಿದ್ದ ಆ ಪದ್ಧತಿಯನ್ನು ಕೈಬಿಟ್ಟದ್ದು ದೊಡ್ಡ ನಷ್ಟ.

ಈಗ ರಿಪೇರಿಯ ಮಾತು. ನೀರು ಬರುವ ಬಾಯಿಗೆ ಜೇಡಿಮಣ್ಣೋ ಸಿಮೆಂಟೋ ಮೆತ್ತುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಕೆಟ್ಟ ಉಪಾಯವೂ ಅದೇ. ಹೊರಬದಿ ಮುಚ್ಚಿದರೆ ಒಳಗೆ ಒತ್ತಡ ಏರಿ, ನೀರು ಇನ್ನೊಂದು ಕಡೆ ಒಡೆದುಕೊಂಡು ಬರುತ್ತದೆ. ಮಣ್ಣಿನ ಎಂಜಿನಿಯರಿಂಗ್‌ನ ಪಿತಾಮಹ ಎನಿಸಿದ ಕಾರ್ಲ್ ಟೆರ್ಜಾಗಿ ತೋರಿಸಿದ ದಾರಿ ಬೇರೆ: ನೀರನ್ನು ಹೋಗಲು ಬಿಡಿ, ಮಣ್ಣನ್ನು ಹಿಡಿದಿಡಿ. ಒಸರುವ ಜಾಗದ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ ಹಾಸುತ್ತಾರೆ. ಕಾಫಿ ಸೋಸುವ ಬಟ್ಟೆಯ ಹಾಗೆ ಈ ಹಾಸು ಕಣಗಳನ್ನು ತಡೆದು ನೀರನ್ನಷ್ಟೇ ಬಿಡುತ್ತದೆ. ಸಿಕ್ಕ ಮರಳು ಸಾಲದು. ಏರಿಯ ಮಣ್ಣನ್ನು ಜರಡಿ ಹಿಡಿದು ಕಣದ ಗಾತ್ರ ನೋಡಿ, ಅದಕ್ಕೆ ಹೊಂದುವ ಮರಳನ್ನೇ ಆರಿಸಬೇಕು. ಮೇಲೆ ಭಾರಕ್ಕೆ ಮಣ್ಣಿನ ದಿಬ್ಬ, ಬುಡದಲ್ಲಿ ನೀರು ಹರಿದುಹೋಗಲು ಚರಂಡಿ.

ತಡೆಯುವ ಕೆಲಸವೇನಿದ್ದರೂ ಕೆರೆಯ ಒಳಬದಿಯಲ್ಲಿ, ಇಲ್ಲವೇ ಏರಿಯ ನಡುವೆ. ಒಳಮೈಗೆ ಜೇಡಿಮಣ್ಣಿನ ಹೊದಿಕೆ ಹಾಕಬಹುದು. ಏರಿಯ ತಲೆಯಿಂದ ರಂಧ್ರ ಕೊರೆದು ಸಿಮೆಂಟು-ಬೆಂಟೊನೈಟ್ ಗಾರೆ ತುಂಬಬಹುದು. ಗಾರೆ ತುಂಬುವಾಗ ಒತ್ತಡ ಮಿತಿ ಮೀರಿದರೆ ಏರಿಯೇ ಬಿರಿಯುತ್ತದೆ. ತುರ್ತಿನಲ್ಲಿ ಕೆರೆ ಖಾಲಿ ಮಾಡುವಾಗಲೂ ಎಚ್ಚರ ಬೇಕು: ನೀರು ದಿಢೀರನೆ ಇಳಿದರೆ ನೆನೆದ ಒಳಮೈ ಜಾರಿಬೀಳಬಹುದು.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಸಣ್ಣ ನೀರಾವರಿಯ ಮಣ್ಣಿನ ಕಟ್ಟೆ ಒಡೆದು ಹತ್ತೊಂಬತ್ತಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಕಣ್ಣಿಟ್ಟು ನೋಡುವವರು ಊರಿನಲ್ಲೇ ಇದ್ದರು. ಅವರ ಮಾತಿಗೆ ಕಿವಿ ಸಿಗಲಿಲ್ಲ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಂಗಾರಿಗೆ ಮುಂಚೆ ಮತ್ತು ನಂತರ ತಪಾಸಣೆ ಕಡ್ಡಾಯ ಮಾಡಿದೆ. ಆದರೆ ಅದು ಅನ್ವಯಿಸುವುದು 15 ಮೀಟರ್‌ಗಿಂತ ಎತ್ತರದವಕ್ಕೆ, ಜೊತೆಗೆ 10ರಿಂದ 15 ಮೀಟರ್ ಎತ್ತರದ ಕೆಲವಕ್ಕೆ ಮಾತ್ರ. ಕರ್ನಾಟಕದ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಲ್ಲಿ ಬಹುಪಾಲು ಈ ಲೆಕ್ಕದ ಹೊರಗೆ ಉಳಿಯುತ್ತವೆ. ಅವುಗಳ ಏರಿಯ ಹಿಂದೆ ಪೊದೆ ಕಡಿದು, ಚರಂಡಿಗೆ ‘ವಿ’ ಆಕಾರದ ಕಚ್ಚಿನ ತಗಡು ಕೂರಿಸಿ, ವಾರಕ್ಕೊಮ್ಮೆ ನೀರಿನ ಮಟ್ಟವನ್ನೂ ಬಣ್ಣವನ್ನೂ ಪುಸ್ತಕದಲ್ಲಿ ಬರೆಯಲು ಹೆಚ್ಚು ಖರ್ಚಿಲ್ಲ. ಕೆರೆಯ ನೀರು ಹಂಚುವ ನೀರುಗಂಟಿಗಳು ಇನ್ನೂ ಇರುವ ಊರುಗಳಲ್ಲಿ ಈ ಕೆಲಸವನ್ನು ಸಂಬಳ ಕೊಟ್ಟು ಅವರಿಗೇ ವಹಿಸಬಹುದು, ಮುಂದಿನ ಮಳೆಗಾಲಕ್ಕೆ ಮುಂಚೆಯೇ.