ಸ್ವಚ್ಛ ನಗರದ ಕಾಣದ ಧೂಳು: ಮಧುಮೇಹಿಗಳಿಗೊಂದು ಎಚ್ಚರಿಕೆ

ಸ್ವಚ್ಛತೆಯ ವಿಷಯದಲ್ಲಿ ಮೈಸೂರಿಗೆ ದೇಶದಲ್ಲೇ ಹೆಸರಿದೆ. ಕೇಂದ್ರ ಸರ್ಕಾರವು 2016ರಲ್ಲಿ ಪ್ರಕಟಿಸಿದ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ನಮ್ಮ ನಗರವೇ ಪ್ರಥಮ ಸ್ಥಾನ ಗಳಿಸಿತು. ಪೌರಕಾರ್ಮಿಕರ ದುಡಿಮೆಗೆ ಸಂದ ಆ ಗೌರವ ಸಾರ್ಥಕವಾದುದೇ. ಆದರೆ ಅಂಥ ಸಮೀಕ್ಷೆಗಳು ಮುಖ್ಯವಾಗಿ ನೋಡುವುದು ಕಸದ ವಿಲೇವಾರಿ ಮತ್ತು ಶೌಚ ವ್ಯವಸ್ಥೆಯನ್ನು. ನಾವು ಉಸಿರಾಡುವ ಗಾಳಿಯ ಲೆಕ್ಕವೇ ಬೇರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಇರುವವರ ಮಟ್ಟಿಗೆ ಆ ಲೆಕ್ಕ ಜೀವನ್ಮರಣದ ಪ್ರಶ್ನೆಯೂ ಆಗಬಲ್ಲದು.

ಗಾಳಿಯಲ್ಲಿನ ಧೂಳಿನ ಪೈಕಿ ಅತ್ಯಂತ ಅಪಾಯಕಾರಿಯಾದುದು ‘ಪಿ.ಎಂ. 2.5’ ಎಂದು ಕರೆಯಲಾಗುವ ಸೂಕ್ಷ್ಮ ಕಣ. ಅದರ ಗಾತ್ರ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲೊಂದು ಭಾಗ ಮಾತ್ರ. ವಾಹನಗಳ ಹೊಗೆ, ಕಾರ್ಖಾನೆ, ಸೌದೆ ಒಲೆ, ಸುಡುವ ಕಸ ಇದರ ಮೂಲಗಳು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಬೆಂಗಳೂರು, ದಾವಣಗೆರೆ, ಕಲಬುರಗಿ ಹಾಗೂ ಹುಬ್ಬಳ್ಳಿ-ಧಾರವಾಡ. ಮೈಸೂರು ಆ ಪಟ್ಟಿಯಲ್ಲಿರಲಿಲ್ಲ. ಇದರಿಂದ ಸಮಾಧಾನಪಡಬಹುದೇ ಹೊರತು ಮೈಮರೆಯುವಂತಿಲ್ಲ. ನಮ್ಮ ದೇಶದ ಮಾನದಂಡದಂತೆ ವಾರ್ಷಿಕ ಸರಾಸರಿಯಲ್ಲಿ ಪ್ರತಿ ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ ಕಣಗಳಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಎಂದರೆ, ಕಾನೂನಿನ ಕಣ್ಣಿಗೆ ಶುದ್ಧವೆನಿಸಿದ ಗಾಳಿಯೂ ದೇಹಕ್ಕೆ ಶುದ್ಧವಾಗಿರಬೇಕೆಂದಿಲ್ಲ.

ಶ್ವಾಸಕೋಶದಿಂದ ಮಿದುಳಿಗೆ

ಹೊಗೆಯಿಂದ ಕೆಮ್ಮು, ಉಬ್ಬಸ ಬರುವುದನ್ನು ಎಲ್ಲರೂ ಬಲ್ಲರು. ಅದರಿಂದ ಲಕ್ವ ಹೇಗೆ ಬಂದೀತೆಂದು ಕೆಲವರಿಗೆ ಸಂದೇಹವಾಗಬಹುದು. ಈ ಕಣಗಳು ಶ್ವಾಸಕೋಶದ ಗಾಳಿಚೀಲಗಳ ತಳವನ್ನು ಮುಟ್ಟುತ್ತವೆ. ಅತಿಸೂಕ್ಷ್ಮವಾದವು ರಕ್ತವನ್ನೂ ಸೇರುತ್ತವೆ. ಆಗ ದೇಹದಲ್ಲಿ ಉರಿಯೂತ ಉಂಟಾಗುತ್ತದೆ. ರಕ್ತನಾಳದ ಒಳಪದರ ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಮಿದುಳಿನ ನಾಳವೊಂದು ಮುಚ್ಚಿಕೊಂಡರೂ ಒಡೆದುಹೋದರೂ ಉಂಟಾಗುವುದು ಪಾರ್ಶ್ವವಾಯುವೇ.

ಮಧುಮೇಹಿಯ ರಕ್ತನಾಳಗಳು ಹೊಗೆ ತಾಕುವ ಮೊದಲೇ ದುರ್ಬಲವಾಗಿರುತ್ತವೆ. ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಾಳಿ ಮಲಿನವಾದ ದಿನಗಳಲ್ಲಿ ರಕ್ತನಾಳಗಳು ಹಿಗ್ಗುವ ಶಕ್ತಿ ಕುಂದಿದ್ದು ಮುಖ್ಯವಾಗಿ ಮಧುಮೇಹಿಗಳಲ್ಲಿ. ಅದೇ ದೇಶದ 36 ನಗರಗಳ 65,000ಕ್ಕೂ ಹೆಚ್ಚು ಮಹಿಳೆಯರನ್ನು ಕುರಿತ, 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಸೂಕ್ಷ್ಮ ಕಣಗಳು 10 ಮೈಕ್ರೋಗ್ರಾಂ ಹೆಚ್ಚಿದಂತೆ ಪಾರ್ಶ್ವವಾಯುವಿನ ಸಂಭವ ಶೇಕಡ 35ರಷ್ಟು ಹೆಚ್ಚಿದುದನ್ನು ಕಂಡಿತು. ದೆಹಲಿ ಹಾಗೂ ಚೆನ್ನೈ ನಿವಾಸಿಗಳನ್ನು ವರ್ಷಗಟ್ಟಲೆ ಗಮನಿಸಿ 2023ರಲ್ಲಿ ಪ್ರಕಟಿಸಲಾದ ವರದಿಯ ಪ್ರಕಾರ, ಮಲಿನ ಗಾಳಿ ಮಧುಮೇಹ ಬರುವ ಸಂಭವವನ್ನೇ ಹೆಚ್ಚಿಸುತ್ತದೆ. ಹೀಗೆ ಹೊಗೆಯು ಕಾಯಿಲೆಯನ್ನು ತರುತ್ತದೆ, ಬಂದ ಕಾಯಿಲೆಯನ್ನು ಉಲ್ಬಣಗೊಳಿಸುತ್ತದೆ.

ಮಿಷನ್ ಆಸ್ಪತ್ರೆಯ ದಾಖಲೆಗಳು

ಮೈಸೂರಿನವರಿಗೆ ಈ ಮಾತು ಹೆಚ್ಚು ಅನ್ವಯಿಸಲು ಕಾರಣವಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’, 1934ರಿಂದಲೂ ಶಿಶುಗಳ ಜನನ ತೂಕವನ್ನು ದಾಖಲಿಸಿ ಕಾಪಾಡಿಕೊಂಡು ಬಂದಿತು. ಆ ಹಳೆಯ ದಾಖಲೆಗಳನ್ನು ಆಧರಿಸಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ಸಂಶೋಧಕರು ಪತ್ತೆಹಚ್ಚಿ ಪರೀಕ್ಷಿಸಿದರು. 1996ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, 45 ವರ್ಷ ದಾಟಿದವರ ಪೈಕಿ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು. ಚೆನ್ನಾಗಿ ತೂಕವಿದ್ದು ಹುಟ್ಟಿದವರಲ್ಲಿ ಅದು ಶೇಕಡ 3 ಮಾತ್ರ. ಮಧುಮೇಹದ ಬೇರೂ ತಾಯಿಯ ತೂಕ, ಶಿಶುವಿನ ಮೈಕಟ್ಟುಗಳಲ್ಲಿದೆಯೆಂದು ಅಲ್ಲಿನ ಮುಂದಿನ ಅಧ್ಯಯನಗಳು ತೋರಿಸಿದವು. ನಮ್ಮಲ್ಲನೇಕರು ರಕ್ತನಾಳದ ದೌರ್ಬಲ್ಯವನ್ನು ಹುಟ್ಟಿನಿಂದಲೇ ಹೊತ್ತು ತಂದಿದ್ದೇವೆ ಎಂಬುದು ಇದರ ತಾತ್ಪರ್ಯ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೂ ಅಧಿಕ ಮಧುಮೇಹಿಗಳಿರುವರೆಂದು ಅಂದಾಜಿಸಿದೆ. ಇಂಥವರ ಮೇಲೆ ಹೊಗೆಯ ಭಾರವನ್ನೂ ಹೇರುವುದು ಬಿರುಕು ಬಿಟ್ಟ ಗೋಡೆಗೆ ನೀರು ಹಾಯಿಸಿದಂತೆ.

ಮನೆಯ ಹೊಗೆ, ಬೀದಿಯ ಹೊಗೆ

ವಾಹನಗಳ ಹೊಗೆಯನ್ನು ತಡೆಯುವುದು ಸರ್ಕಾರದ ಹೊಣೆ. ಆದರೆ ನಮ್ಮ ಕೈಯಲ್ಲಿರುವುದೂ ಕಡಿಮೆಯೇನಲ್ಲ. ಗುಡಿಸಿದ ತರಗೆಲೆ, ಪ್ಲಾಸ್ಟಿಕ್ಕನ್ನು ಮನೆಯ ಮುಂದೆಯೇ ಸುಡುವ ಅಭ್ಯಾಸ ಇಂದಿಗೂ ಹೋಗಿಲ್ಲ. ಹಾಗೆ ಸುಟ್ಟಾಗ ಬೀದಿ ಶುಚಿಯಾಗುತ್ತದೆ, ಬೀದಿಯ ಕೊಳೆ ಮಾತ್ರ ನೆರೆಯವರ ಎದೆಗೂಡನ್ನು ಸೇರುತ್ತದೆ. ಎಲೆಗಳನ್ನು ಗುಂಡಿಯಲ್ಲಿ ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆ.

ಅಗರಬತ್ತಿಗೆ ಹೆಸರಾದ ಊರು ನಮ್ಮದು. ಊದುಬತ್ತಿಯಾಗಲಿ ಸಾಂಬ್ರಾಣಿಯಾಗಲಿ, ಅದರ ಹೊಗೆಯಲ್ಲೂ ಈ ಸೂಕ್ಷ್ಮ ಕಣಗಳೇ ಇರುತ್ತವೆ. ಅವನ್ನು ಉರಿಸುವಾಗ ಕಿಟಕಿಗಳನ್ನು ತೆರೆದಿಡಬೇಕು. ಸೊಳ್ಳೆಬತ್ತಿಯ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಅಗತ್ಯ. ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮವೆಂದು 2003ರ ಅಧ್ಯಯನವೊಂದು ತಿಳಿಸಿದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ವೃದ್ಧ ತಂದೆ ತಾಯಿಯರ ಮಂಚದ ಕೆಳಗೆ ಅದನ್ನು ಹಚ್ಚಿಡುವ ಬದಲು ಸೊಳ್ಳೆಪರದೆ ಕಟ್ಟುವುದೇ ಲೇಸು.

ಹೊಗೆಗೆ ಹೆದರಿ ಬೆಳಗಿನ ನಡಿಗೆಯನ್ನು ಬಿಡಬಾರದು. ವರ್ತುಲ ರಸ್ತೆಯ ಅಂಚಿನ ಬದಲು ಕುಕ್ಕರಹಳ್ಳಿ ಕೆರೆಯ ಏರಿಯನ್ನೋ ಬಡಾವಣೆಯ ಉದ್ಯಾನವನ್ನೋ ಆರಿಸಿಕೊಳ್ಳಬೇಕು. ಚಳಿಗಾಲದ ಮುಂಜಾನೆ ಹೊಗೆ ನೆಲಮಟ್ಟದಲ್ಲೇ ನಿಲ್ಲುವುದರಿಂದ ಬಿಸಿಲೇರಿದ ಮೇಲೆ ಹೊರಡುವುದು ಉತ್ತಮ. ಇವೆಲ್ಲಕ್ಕಿಂತ ಮುಖ್ಯವಾದುದು ಸಕ್ಕರೆ ಮತ್ತು ರಕ್ತದೊತ್ತಡದ ಹತೋಟಿ. ‘ಈಗ ಚೆನ್ನಾಗಿದ್ದೇನೆ’ ಎಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಪಾರ್ಶ್ವವಾಯುವಿಗೆ ಆಹ್ವಾನವಿತ್ತಂತೆ.

ಗಡಿಯಾರ ನೋಡಿಕೊಳ್ಳಿ

ಮುಖ ಒಂದು ಪಕ್ಕಕ್ಕೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನ ಬಲ ಹಠಾತ್ತನೆ ಕುಂದುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ದೃಷ್ಟಿ ಮಂಜಾಗುವುದು ಅಥವಾ ಆಯ ತಪ್ಪುವುದು ಇದರ ಲಕ್ಷಣಗಳು. ನೋವಿಲ್ಲದ ಕಾರಣ ‘ಮಲಗೆದ್ದರೆ ಸರಿಹೋದೀತು’ ಎಂದು ಹಲವರು ಕಾಯುತ್ತಾರೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದ್ದರಿಂದ ಲಕ್ಷಣ ಕಂಡ ಹೊತ್ತನ್ನು ಗುರುತಿಟ್ಟುಕೊಂಡು, 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಸೌಲಭ್ಯವುಳ್ಳ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಬೇಕು. ಬಾಯಿಗೆ ನೀರು, ಕಾಫಿ, ಮಾತ್ರೆ ಯಾವುದನ್ನೂ ಹಾಕಕೂಡದು. ಎಣ್ಣೆ ತಿಕ್ಕುತ್ತಾ, ನಾಟಿ ಔಷಧಿಗಾಗಿ ಅಲೆಯುತ್ತಾ ಆ ಗಳಿಗೆಗಳನ್ನು ಕಳೆದುಕೊಂಡರೆ ಅವು ಮರಳಿ ಬಾರವು.

ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೋ ಸಿ’ ಪರಿಪತ್ರದಲ್ಲಿ ಗಾಳಿಯ ಮಾಲಿನ್ಯವನ್ನು ಪ್ರಸ್ತಾಪಿಸಿ, ಅದರ ಹಾನಿ ಬಡವರ ಮೇಲೆಯೇ ಹೆಚ್ಚಾಗಿ ಬೀಳುವುದನ್ನು ಎತ್ತಿ ತೋರಿಸಿದರು. ಆಟೋ ಚಾಲಕರು, ಪೌರಕಾರ್ಮಿಕರು, ರಸ್ತೆಬದಿಯ ವ್ಯಾಪಾರಿಗಳು ದಿನವಿಡೀ ಹೊಗೆಯಲ್ಲೇ ನಿಂತು ದುಡಿಯುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಒಮ್ಮೆಯೂ ರಕ್ತದೊತ್ತಡ ಪರೀಕ್ಷಿಸಿಕೊಂಡವರಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ದಾದಿಯರಿದ್ದಾರೆ, ಸೇವಾಸಕ್ತ ಯುವಜನರಿದ್ದಾರೆ. ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆಯನ್ನು ಏರ್ಪಡಿಸಿ, ನೆರೆಹೊರೆಯ ಎಲ್ಲ ಮತದವರನ್ನೂ ಕರೆಯುವುದು ಅಸಾಧ್ಯವೇನಲ್ಲ. ದುಡಿಯುವ ಒಂದು ಜೀವ ಹಾಸಿಗೆ ಹಿಡಿಯದಂತೆ ಅದು ತಡೆದರೆ, ಒಂದು ಸಂಸಾರವನ್ನೇ ಉಳಿಸಿದಂತಾಯಿತು.