ಅತ್ತೆಯವರ ಅಳತೆಗಳನ್ನು ಮೋಡದಲ್ಲಿಟ್ಟ ಕಥೆ

ನಮ್ಮ ಅತ್ತೆಯವರಿಗೆ ಈಗ 83 ವರ್ಷ. ಅವರು ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಎರಡು ವರ್ಷ ಕಳೆದರೂ ಮೆತ್ತಗಾಗದು. ಬಾಣಂತಿ ಲೇಹ್ಯಕ್ಕೂ ಊರಿನವರು ಅವರನ್ನೇ ಕೇಳಿಕೊಂಡು ಬರುತ್ತಿದ್ದರು. ಎಲ್ಲದರ ಅಳತೆಯೂ ಅವರ ಕೈಬರಹದ ಒಂದು ಪುಸ್ತಕದಲ್ಲಿತ್ತು. ನಮ್ಮ ಸಾಗರದ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆಯಲ್ಲ! ಅಟ್ಟದ ಮೇಲಿದ್ದ ಆ ಪುಸ್ತಕವನ್ನು ಗೆದ್ದಲು ತಿಂದು ರಟ್ಟು ಮಾತ್ರ ಉಳಿಸಿತ್ತು.

"ಹೋಗ್ಲಿ ಬಿಡೇ ಮಾರಾಯ್ತಿ, ನಾನಿನ್ನೂ ಇದ್ದೀನಲ್ಲ" ಎಂದರು ಅತ್ತೆ. ಅವರಿರುವಾಗಲೇ ಬರೆದಿಟ್ಟುಕೊಳ್ಳಬೇಕೆಂದು ನನಗೆ ಹಟ ಹಿಡಿಯಿತು. ಈ ಸಲ ಕಾಗದ ಬೇಡ, ಗೆದ್ದಲು ಮುಟ್ಟದ ಕಡೆ ಬರೆಯೋಣವೆಂದು ಮಗಳ ಹಳೆಯ ಲ್ಯಾಪ್‌ಟಾಪ್ ತೆಗೆದೆ. ಕನ್ನಡ ಟೈಪ್ ಮಾಡುವ ಯಾವುದೋ ಪುಟ ಸಿಕ್ಕಿತು. ಮೂರು ಮಧ್ಯಾಹ್ನ ಅತ್ತೆಯವರು ಹೇಳಿದರು, ನಾನು ಒಂದೊಂದೇ ಅಕ್ಷರ ಕುಟ್ಟಿದೆ. ಪುಟ ಮುಚ್ಚದೆ ಹಾಗೇ ಬಿಟ್ಟಿದ್ದೆ. ನಾಲ್ಕನೆಯ ದಿನ ಕರೆಂಟ್ ಹೋಯಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪು ಅದರ ಜೊತೆಗೇ ಆರಿತು. ಮತ್ತೆ ತೆರೆದರೆ ಪುಟವೆಲ್ಲ ಬೆಳ್ಳಗೆ!

"ಅಮ್ಮಾ, ಸೇವ್ ಮಾಡಿದ್ಯಾ?" ಎಂದಳು ಮಗಳು.

"ಬರೆದಿದ್ದೆನಲ್ಲೇ!"

ಬರೆಯುವುದೇ ಬೇರೆ, ಉಳಿಸುವುದೇ ಬೇರೆ ಎಂದು ನನಗೆ ತಿಳಿದದ್ದು ಅವತ್ತು. ಬಾಣಲೆಯಲ್ಲಿ ಮಾಡಿದ್ದನ್ನು ಭರಣಿಗೆ ತುಂಬದೆ ಬಿಟ್ಟ ಹಾಗಾಗಿತ್ತು. ಇನ್ನೊಮ್ಮೆ ಕೇಳಿ ಬರೆದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಅತ್ತೆಯವರಿಗೆ ಪಾರ್ಶ್ವವಾಯುವಿನ ಸಣ್ಣ ಹೊಡೆತವಾಯಿತು. ಮಾತು ತೊದಲಿತು, ನೆನಪು ಮಸುಕಾಯಿತು. ಉಪ್ಪಿನಕಾಯಿಯ ಅಳತೆಯನ್ನು ಹೇಗೋ ಹೇಳಿದರು. ಲೇಹ್ಯದ್ದು ಕೇಳಿದರೆ ಮಾತ್ರ ನಕ್ಕು ಸುಮ್ಮನಾಗುತ್ತಾರೆ.

ಈ ಸಲ ಮಗಳೇ ಪಕ್ಕದಲ್ಲಿ ಕೂತು ಕಲಿಸಿದಳು. ಜಿಮೇಲ್ ಖಾತೆ ಇದ್ದವರಿಗೆ ಗೂಗಲ್ ಡಾಕ್ಸ್ ಪುಕ್ಕಟೆ. ಫೋನಿನಲ್ಲೂ ಬರೆಯಬಹುದು, ಕಂಪ್ಯೂಟರಿನಲ್ಲೂ ಬರೆಯಬಹುದು. ಬರೆದದ್ದು ಡ್ರೈವ್ ಎಂಬ ಕಪಾಟಿಗೆ ತಾನಾಗಿಯೇ ಹೋಗಿ ಕೂರುತ್ತದೆ. ಇದನ್ನೇ 'ಕ್ಲೌಡ್', ಅಂದರೆ ಮೋಡ ಎನ್ನುತ್ತಾರಂತೆ. ಆಕಾಶದ ಮೋಡವೇನೂ ಅಲ್ಲ, ಎಲ್ಲೋ ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ಇಟ್ಟಿರುವ ಕಂಪ್ಯೂಟರುಗಳು. ನಮ್ಮ ಲ್ಯಾಪ್‌ಟಾಪ್ ಸುಟ್ಟುಹೋದರೂ ಬರೆದದ್ದು ಅಲ್ಲಿರುತ್ತದೆ.

ಮೊದಲು ಬರಹಕ್ಕೊಂದು ಹೆಸರು ಕೊಡಿ. ಹೆಸರು ಅಂಟಿಸದ ಡಬ್ಬಿಗಳಲ್ಲಿ ಜೀರಿಗೆ ಹುಡುಕುವ ಪಾಡು ಬೇಡ. ಬರೆಯುತ್ತಿರುವಾಗ ಕಂಪ್ಯೂಟರಿನಲ್ಲಿ ಆ ಹೆಸರಿನ ಪಕ್ಕ ಪುಟ್ಟ ಮೋಡದ ಚಿತ್ರ ಕಾಣುತ್ತದೆ. ಅದನ್ನು ಒತ್ತಿದರೆ ಡ್ರೈವ್‌ನಲ್ಲಿ ಉಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಾನಂತೂ ಏಳುವ ಮೊದಲು ಒಂದು ಸಲ ಒತ್ತಿ ನೋಡಿಯೇ ಏಳುವುದು. ನನ್ನ ಹಾಗೆ ಬೇರೆ ಟೈಪಿಂಗ್ ಪುಟ ರೂಢಿಯಾಗಿರುವವರು ಆವತ್ತು ಬರೆದದ್ದನ್ನೆಲ್ಲ ಆವತ್ತೇ ಕಾಪಿ ಮಾಡಿ ಡಾಕ್ಸ್‌ನಲ್ಲಿ ಪೇಸ್ಟ್ ಮಾಡಿಬಿಡಿ.

ನಮ್ಮಂಥ ಊರುಗಳಲ್ಲಿ ನೆಟ್‌ವರ್ಕ್ ಮಳೆಯ ಜೊತೆಗೇ ಹೋಗುತ್ತದೆ. ಅದಕ್ಕೆಂದೇ ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ 'ಆಫ್‌ಲೈನ್' ಎಂಬುದೊಂದಿದೆ. ನೆಟ್ ಇರುವಾಗಲೇ ಅದನ್ನು ಹಾಕಿಡಬೇಕು. ಹಾಕಿಟ್ಟರೆ ಬರೆದದ್ದು ಸದ್ಯಕ್ಕೆ ಕಂಪ್ಯೂಟರಿನಲ್ಲೇ ನಿಂತು, ನೆಟ್ ಬಂದ ಮೇಲೆ ಮೇಲೆ ಹೋಗುತ್ತದೆ.

ಖಾತೆ ಯಾರದೆಂದು ಮೊದಲೇ ನೋಡಿಕೊಳ್ಳಿ. ಅಕ್ಕನ ಮಗನ ಖಾತೆಯಲ್ಲಿ ಬರೆದರೆ ಅದು ಅವನ ಕಪಾಟಿಗೇ ಸೇರುತ್ತದೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಬರೆದವರು ಲಾಗ್‌ಔಟ್ ಮಾಡದೆ ಬಂದರೆ ಬೀಗದ ಕೈ ಬಾಗಿಲಲ್ಲೇ ಬಿಟ್ಟು ಬಂದಂತೆ. ಮಗ ಮಾಡಿಕೊಟ್ಟ ಖಾತೆಯನ್ನು ಎರಡು ವರ್ಷ ತೆರೆದೇ ನೋಡದಿದ್ದರೆ ಗೂಗಲ್‌ನವರು ಅದನ್ನು ಅಳಿಸಬಹುದು. 2023ರಿಂದ ಹಾಗೊಂದು ನಿಯಮವಿದೆ. ಕೈತಪ್ಪಿ ಅಳಿಸಿದ ಬರಹ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ.

ಪುಕ್ಕಟೆ ಸಿಗುವ ಜಾಗ 15 ಜಿಬಿ. ಬರೀ ಅಕ್ಷರಕ್ಕೆ ಅದು ಧಾರಾಳ. ಆದರೆ ಜಿಮೇಲ್, ಗೂಗಲ್‌ನಲ್ಲಿಟ್ಟ ಫೋಟೊ, ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಎಲ್ಲಕ್ಕೂ ಸೇರಿ ಅಷ್ಟೇ! ನಮ್ಮವರಿಗೆ ಬರುವ ಶುಭೋದಯದ ವಿಡಿಯೋಗಳೇ ಅರ್ಧ ಕಪಾಟು ತುಂಬಿದ್ದವು. ಪೂರ್ತಿ ತುಂಬಿದರೆ ಹೊಸ ಬರಹ ಶುರುಮಾಡಲಾಗದು, ಮೇಲ್ ಕೂಡ ನಿಲ್ಲುತ್ತದೆ. ಒಂದು ಸಂಜೆ ಕೂತು ಅವನ್ನೆಲ್ಲ ಅಳಿಸಿದೆ. ಅವರಿಗೆ ಇನ್ನೂ ಗೊತ್ತಿಲ್ಲ.

ತಾನಾಗಿ ಉಳಿಸುವ ಈ ವ್ಯವಸ್ಥೆ ನಮ್ಮ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಉಳಿಸುತ್ತದೆ. ಉಪ್ಪಿನಕಾಯಿಯ ಬರಹವನ್ನು ನಾದಿನಿಗೂ ಹಂಚಿದ್ದೆ. ಬರೀ ನೋಡಲು ಬಿಡಬೇಕಿತ್ತು, ತಿದ್ದುವ ಅನುಮತಿಯನ್ನೂ ಕೊಟ್ಟುಬಿಟ್ಟಿದ್ದೆ. ಮಿಡಿ ಬರುವ ಕಾಲಕ್ಕೆ ತೆರೆದು ನೋಡಿದರೆ, ಐನೂರು ಮಿಡಿಗೆ ಒಂದು ಸೇರು ಇದ್ದ ಉಪ್ಪು ಮುಕ್ಕಾಲು ಸೇರಾಗಿದೆ! ನನ್ನ ನೆನಪೇ ತಪ್ಪಿತೇ ಎಂದು ಗಾಬರಿಯಾಯಿತು. ಅತ್ತೆಯವರನ್ನು ಕೇಳುವ ಹಾಗೂ ಇಲ್ಲ. ಮಗಳು ಫೈಲ್ ಪಟ್ಟಿಯಲ್ಲಿ 'ವರ್ಶನ್ ಹಿಸ್ಟರಿ' ತೆರೆದಳು. ಯಾರು, ಯಾವ ದಿನ, ಏನು ತಿದ್ದಿದರೆಂಬುದೆಲ್ಲ ಅಲ್ಲಿ ಕಂಡಿತು. ಹಳೆಯ ಅಳತೆಯೂ ಹಾಗೇ ಸಿಕ್ಕಿತು.

ನಾದಿನಿಗೆ ಫೋನ್ ಮಾಡಿದೆ. "ನಮ್ಮನೆಯವರಿಗೆ ಬಿ.ಪಿ. ಅಲ್ವಾ ಅತ್ತಿಗೆ, ಅದಕ್ಕೇ ಕಮ್ಮಿ ಮಾಡಿದೆ" ಎಂದಳು. ಉಪ್ಪು ಕಡಿಮೆಯಾದರೆ ಮಿಡಿ ಕೊಳೆಯುತ್ತದೆ, ನೀನು ತಿನ್ನುವುದನ್ನೇ ಕಮ್ಮಿ ಮಾಡಿಸು ಎಂದೆ. ಅವಳ ಅಳತೆಯನ್ನು ಕೆಳಗೆ ಬೇರೆಯಾಗಿ, ಅವಳ ಹೆಸರಿನಲ್ಲೇ ಹಾಕಿದ್ದೇನೆ. ಬರಹವನ್ನು ಪಿಡಿಎಫ್ ಮಾಡಿ ಇಳಿಸಿಕೊಂಡು, ಒಂದು ಪ್ರತಿ ಅಚ್ಚು ಹಾಕಿಸಿ ಬೀರುವಿನಲ್ಲೂ ಇಟ್ಟಿದ್ದೇನೆ. ಗೆದ್ದಲಿಗೆ ಹೆದರಿ ಕಾಗದವನ್ನು ಪೂರ್ತಿ ಬಿಡಲು ನನಗೆ ಮನಸ್ಸಾಗಲಿಲ್ಲ.

'ಬಾಣಂತಿ ಲೇಹ್ಯ' ಎಂದು ತಲೆಬರಹ ಬರೆದು ಅದರ ಕೆಳಗೆ ಜಾಗ ಬಿಟ್ಟಿದ್ದೇನೆ. ಮೊನ್ನೆ ಅನ್ನ ಕಲಸಿ ಕೊಡುತ್ತಿದ್ದಾಗ ಅತ್ತೆಯವರು ಇದ್ದಕ್ಕಿದ್ದಂತೆ "ಹಿಪ್ಪಲಿ" ಎಂದರು. ಎಡಗೈಯಲ್ಲೇ ಫೋನ್ ತೆಗೆದು ಬರೆದುಕೊಂಡೆ.