ಕೆಂಪು ಕಾರು, ‘ಸಣ್ಣ’ ಗೇರ್ ಪ್ರಾಬ್ಲಂ

ಮನೆಗೆ ಕಾರು ತರುವ ಮಾತು ಬಂದಾಗ ಹೆಂಗಸರನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಯಾವ ಬಣ್ಣ ಚೆನ್ನ? ಎಂಜಿನ್, ಬೆಲೆ, ಕಾಗದಪತ್ರ ಎಲ್ಲವೂ ಗಂಡಸರ ವಿಷಯ. ಆದರೆ ಆ ಕಾರು ಮೂರು ತಿಂಗಳಲ್ಲಿ ಗ್ಯಾರೇಜ್ ಸೇರಿದರೆ ಅಡವಿಗೆ ಹೋಗುವ ಬಳೆ ಯಾರದ್ದು? ಮುಂದಕ್ಕೆ ಹೋಗುವ ಶಾಲೆಯ ಫೀಸು ಯಾರ ಮಗುವಿನದು? ನಷ್ಟದಲ್ಲಿ ಪಾಲುದಾರರಾಗುವ ನೀವು ತೀರ್ಮಾನದಲ್ಲೂ ಪಾಲುದಾರರಾಗಬೇಕಲ್ಲವೇ? ಅದಕ್ಕೆ ಬೇಕಾದಷ್ಟು ವಿಷಯ ತಿಳಿದುಕೊಳ್ಳುವುದು ಕಷ್ಟವೇನಲ್ಲ.

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಿ ನಿಮ್ಮ ಮನೆ ಇದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ರಜೆಗೆ ಬಂದಿದ್ದಾನೆ. ಮೊಬೈಲಿನಲ್ಲಿ ಒಂದು ಕೆಂಪು ಕಾರಿನ ಚಿತ್ರ ತೋರಿಸುತ್ತಾನೆ.

“ಅಮ್ಮೀ, ಪೋಲೋ ಜಿಟಿ. 2014ರ ಮಾಡೆಲ್. ಮೂರೂವರೆ ಲಕ್ಷಕ್ಕೆ ಕೊಡ್ತಾರಂತೆ. ಗೇರಿನಲ್ಲಿ ಸಣ್ಣ ಪ್ರಾಬ್ಲಂ ಇದೆ, ಅಷ್ಟೆ.”

ಅವನ ಕಣ್ಣಿನ ಹೊಳಪು ನೋಡಿದರೆ ಬೇಡ ಎನ್ನಲು ಮನಸ್ಸು ಬಾರದು. ಹಾಗೆಂದು ಹೂಂ ಎನ್ನಲೂ ಧೈರ್ಯವಿಲ್ಲ. ಆಗ ಏನು ಮಾಡುತ್ತೀರಿ?

ಇದು ಎಂಥ ಕಾರು?

ನಿಜವಾದ ಸ್ಪೋರ್ಟ್ಸ್ ಕಾರುಗಳು ನಮ್ಮಂಥವರ ಕೈಗೆಟಕುವವಲ್ಲ. ಮಧ್ಯಮ ವರ್ಗದ ಹುಡುಗರು ಆ ಹೆಸರಿನಿಂದ ಕರೆಯುವುದು ಸಾಧಾರಣ ಕಾರಿನ ಮೈಯಲ್ಲಿ ಜೋರಾದ ಎಂಜಿನ್ ಇರುವ ವಾಹನಗಳನ್ನು. 2001ರಲ್ಲಿ ಬಂದ ಫಿಯೆಟ್ ಪಾಲಿಯೋ 1.6 ಅಂಥದ್ದು. ಅದರ ನಂತರದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕೂಡ ಅಂಥದ್ದೇ. ಫೋಕ್ಸ್‌ವ್ಯಾಗನ್ ಕಂಪೆನಿಯ ಪೋಲೋ ಜಿಟಿ ಟಿಎಸ್‌ಐ ಭಾರತಕ್ಕೆ ಬಂದದ್ದು 2013ರಲ್ಲಿ. 1.2 ಲೀಟರಿನ ಚಿಕ್ಕ ಎಂಜಿನ್, ಅದಕ್ಕೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ, 105 ಅಶ್ವಶಕ್ತಿ, ಏಳು ಗೇರಿನ ಡಿಎಸ್‌ಜಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಪುಣೆಯ ಬಳಿಯ ಚಾಕಣದಲ್ಲಿ ತಯಾರಾಗುತ್ತಿದ್ದ ಪೋಲೋ 2022ರಲ್ಲಿ ನಿಂತುಹೋಯಿತು.

ಯಾವುದೇ ಹಳೆಯ ಕಾರಿಗೂ ಮೊದಲು ಕೇಳಬೇಕಾದ ಪ್ರಶ್ನೆ: ಈ ಕಂಪೆನಿ ಈಗಲೂ ನಮ್ಮ ದೇಶದಲ್ಲಿ ಕಾರು ಮಾರುತ್ತಿದೆಯೇ? ಶೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿನ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಇಂಥ ಕಾರುಗಳು ಅಗ್ಗಕ್ಕೆ ಸಿಗುವುದಕ್ಕೆ ಅದೂ ಒಂದು ಕಾರಣ. ಕೊಳ್ಳುವಾಗ ಉಳಿದ ದುಡ್ಡು ಬಿಡಿಭಾಗ ಹುಡುಕುವಾಗ ಹೋಗುತ್ತದೆ.

‘ಸಣ್ಣ’ ಎಂದರೆ ಎಷ್ಟು?

ಗೇರು ಕೈಯಿಂದ ಹಾಕುವ ಕಾರಿನಲ್ಲಿ ಕ್ಲಚ್ ಪ್ಲೇಟ್ ಸವೆದರೆ ಹಿರಿಯೂರಿನ ಒಳ್ಳೆಯ ಮೆಕ್ಯಾನಿಕ್ ಬದಲಿಸಿಕೊಡುತ್ತಾನೆ. ಡಿಎಸ್‌ಜಿಯ ಕಥೆ ಬೇರೆ. ಅದರಲ್ಲಿ ಎರಡು ಕ್ಲಚ್‌ಗಳಿವೆ. ಒಂದು ಒಂದು-ಮೂರು-ಐದು-ಏಳನೆಯ ಗೇರುಗಳಿಗೆ, ಇನ್ನೊಂದು ಎರಡು-ನಾಲ್ಕು-ಆರಕ್ಕೆ. ಇವನ್ನು ಆಡಿಸುವುದು ಗೇರ್‌ಬಾಕ್ಸಿಗೆ ಕೂಡಿಸಿದ ಮೆಕಾಟ್ರಾನಿಕ್ ಎಂಬ ಘಟಕ. ಕಂಪ್ಯೂಟರಿನ ಮಿದುಳು, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಕೈ ಎರಡೂ ಅದರಲ್ಲಿವೆ. ಬೆಂಗಳೂರಿನಂಥ ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಕ್ಲಚ್ ಬಿಸಿಯಾಗಿ ಬೇಗ ಸವೆಯುತ್ತದೆ. ಡಿಎಸ್‌ಜಿ ದೋಷಗಳಿಗಾಗಿ ಕಂಪೆನಿ 2013ರಲ್ಲಿ ಚೀನಾ ಒಂದರಲ್ಲೇ 3.84 ಲಕ್ಷ ಕಾರುಗಳನ್ನು ವಾಪಸು ಕರೆಸಬೇಕಾಯಿತು.

ಆದ್ದರಿಂದ ‘ಗೇರ್ ಪ್ರಾಬ್ಲಂ’ ಎಂಬ ಮಾತಿಗೆ ಅರ್ಥವೇ ಇಲ್ಲ. ಎಣ್ಣೆ ಬದಲಿಸಿದರೆ ಸರಿಹೋಗುವುದೋ, ಕ್ಲಚ್ ಹೋಗಿದೆಯೋ, ಮೆಕಾಟ್ರಾನಿಕ್ ಹೋಗಿದೆಯೋ? ಮೊದಲನೆಯದು ಸಾವಿರಗಳ ಮಾತು, ಕೊನೆಯದು ಲಕ್ಷದ ಮಾತು. ದೋಷಕ್ಕೆ ಹೆಸರಿಲ್ಲದೆ ಬೆಲೆಯ ಮಾತೇ ಬೇಡ.

ಒಂದು ಹಾಳೆ, ಒಂದು ಪೆನ್ನು

ಈಗ ಲೆಕ್ಕ ಹಾಕಿ. ಇದೇ ಮಾಡೆಲ್, ಯಾವ ದೋಷವೂ ಇಲ್ಲದ್ದು, ಐದು ಲಕ್ಷಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಮಗ ಹೇಳಿದ ಬೆಲೆ ಮೂರೂವರೆ ಲಕ್ಷ. ರಿಪೇರಿಗೆ ಗ್ಯಾರೇಜಿನವರು ಬರೆದುಕೊಟ್ಟ ಅಂದಾಜು ಒಂದೂವರೆ ಲಕ್ಷ. ನಾಲ್ಕು ಟೈರು ಮತ್ತು ಬ್ಯಾಟರಿಗೆ 30 ಸಾವಿರ, ವಿಮೆ ಮತ್ತು ಹೆಸರು ಬದಲಾವಣೆಗೆ 20 ಸಾವಿರ. ಒಟ್ಟು ಐದೂವರೆ ಲಕ್ಷ! ಒಳ್ಳೆಯ ಕಾರಿಗೂ ಟೈರು, ವಿಮೆ ಬೇಕಾಗಬಹುದು, ನಿಜ. ಆದರೆ ಅಗ್ಗವಾಗಿ ಕಂಡದ್ದರಲ್ಲಿ ಒಂದು ರೂಪಾಯಿಯೂ ಉಳಿಯಲಿಲ್ಲ. ಬಿಚ್ಚಿದ ಮೇಲೆ ಕಾಣುವ ಇನ್ನೊಂದು ದೋಷಕ್ಕೆ ಕೈಯಲ್ಲಿ ಏನೂ ಇಲ್ಲ.

ನಿಯಮ ಸುಲಭ. ಒಳ್ಳೆಯ ಕಾರಿನ ಬೆಲೆಯಿಂದ ರಿಪೇರಿಯ ಅಂದಾಜನ್ನು ಕಳೆಯಿರಿ. ಕಾಣದ ದೋಷಕ್ಕಾಗಿ ಇನ್ನಷ್ಟು ಕಳೆಯಿರಿ. ಉಳಿದದ್ದು ನೀವು ಕೊಡಬಹುದಾದ ಬೆಲೆ. ಮಾರುವವರು ಅದಕ್ಕೆ ಒಪ್ಪದಿದ್ದರೆ ಸಲಾಂ ಹೇಳಿ ಬನ್ನಿ.

ಊರಿನ ದೂರವನ್ನೂ ಲೆಕ್ಕಕ್ಕೆ ಸೇರಿಸಿ. ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್. ಇಂಥ ಗೇರ್‌ಬಾಕ್ಸ್ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯುವಂತಿಲ್ಲ, ಲಾರಿಯ ಮೇಲೇರಿಸಿಯೇ ಒಯ್ಯಬೇಕು. ರಾತ್ರಿ ಅತ್ತೆಗೆ ಎದೆನೋವು ಬಂದು ಚಿತ್ರದುರ್ಗದ ಆಸ್ಪತ್ರೆಗೆ ಓಡಬೇಕಾದಾಗ ನಂಬಬಹುದಾದ ಕಾರೇ ಇದು? ಮನೆಯಲ್ಲಿರುವುದು ಒಂದೇ ವಾಹನವಾದರೆ ಈ ಪ್ರಶ್ನೆಗೆ ಮಗನಿಂದ ಉತ್ತರ ಬರಲೇಬೇಕು.

ನೋಡಲು ಹೋದಾಗ

ಬೆಳಗ್ಗೆಯೇ ಹೋಗಿ. ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಎಂಜಿನ್ ಚಾಲೂ ಮಾಡಿದ್ದಾರೆ. ತಣ್ಣಗಿದ್ದಾಗ ಮಾತ್ರ ಕೇಳುವ ಸದ್ದುಗಳು ಅಡಗಿಹೋಗಿರುತ್ತವೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಅದೂ ಆಯಿಲಿಗೆ ನೀರು ಸೇರಿದ ಲಕ್ಷಣ ಇರಬಹುದು.

ನಿಧಾನವಾಗಿ ಓಡಿಸಿ ನೋಡಲು ಹೇಳಿ. ಮೊದಲ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಕಾರು ನಡುಗಿದರೆ, ಗೇರಿನ ದೀಪ ಮಿನುಗಿದರೆ ದೋಷ ಸಣ್ಣದಲ್ಲ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತದೇ ಇದ್ದರೆ ದೋಷ ಕಾಣದಂತೆ ಅದನ್ನು ಕಿತ್ತಿರುವ ಸಾಧ್ಯತೆಯಿದೆ. ಒಳಗೆ ಕೂರುವವರು ನಿಮ್ಮ ಮಕ್ಕಳು!

ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೀಟರು ಮೂವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಾ ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ, 2015 ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ನೆರೆ ನೀರಿನಲ್ಲಿ ಮುಳುಗಿದ ಕಾರುಗಳು ಎಷ್ಟೋ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ. ಕೊನೆಯಲ್ಲಿ ಕೆಸರಿನ ಕಲೆಯಿದ್ದರೆ, ಸೀಟಿನ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದಿದ್ದರೆ ಕಾರು ನೀರು ಕುಡಿದಿದೆ. ಬಟ್ಟೆಯ ಕಲೆ ಗುರುತಿಸುವ ಕಣ್ಣಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಕೊನೆಗೆ, ನಿಮ್ಮದೇ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಲಿ. ಬ್ಯಾಟರಿ ಕಳಚಿ ದೋಷದ ಗುರುತುಗಳನ್ನು ಅಳಿಸುವವರೂ ಇದ್ದಾರೆ. ಆದ್ದರಿಂದ ಒಂದಷ್ಟು ದೂರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿಸಿ. ಪರೀಕ್ಷೆಗೇ ಒಪ್ಪದವರಿಗೆ ಅಡ್ವಾನ್ಸ್ ಕೊಡಬೇಡಿ.

ಕಾಗದದ ದೋಷ

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಬೇರೆ ರಾಜ್ಯದ ಕಾರಾದರೆ ಫಾರಂ 28ರ ಎನ್‌ಓಸಿ ಬೇಕು, ಕರ್ನಾಟಕದ ತೆರಿಗೆಯೂ ಬೀಳುತ್ತದೆ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. 2014ರ ಕಾರಿನ ನೋಂದಣಿ 2029ಕ್ಕೆ ಮುಗಿಯುತ್ತದೆ. ಆಗ ಫಿಟ್‌ನೆಸ್ ಪರೀಕ್ಷೆ, ನವೀಕರಣದ ಖರ್ಚು ಬೇರೆ.

ಜೋರು ಸದ್ದಿನ ಸೈಲೆನ್ಸರ್, ಅಗಲದ ಟೈರು ಎಂದು ಕಾರಿನ ರೂಪವನ್ನೇ ಬದಲಿಸಿದ್ದರೆ ಎಚ್ಚರ. ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಹಾಗೆಯೇ ಹಲವು ಕೈ ಬದಲಾದರೂ ಆರ್‌ಸಿಯಲ್ಲಿ ಹೆಸರು ಬದಲಾಗದ ಕಾರಿನಿಂದ ಅಪಘಾತವಾದಾಗ, ದಾಖಲೆಯಲ್ಲಿ ಹೆಸರಿರುವವರೇ ಹೊಣೆ ಎಂದು ಅದೇ ನ್ಯಾಯಾಲಯ 2018ರಲ್ಲಿ ಹೇಳಿತು. ನಾಳೆ ನೀವು ಮಾರುವಾಗ ಇದನ್ನು ನೆನಪಿಡಿ.

ಒಳಗಿನ ತೇವ

ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಳಗೆ ಪ್ರವಾದಿ ಮುಹಮ್ಮದರು(ಸ) ಕೈಯಿಟ್ಟಾಗ ಬೆರಳಿಗೆ ತೇವ ತಗುಲಿದ ಘಟನೆ ನಿಮಗೆ ಗೊತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಮುಚ್ಚಿಟ್ಟ ದೋಷ ಗೊತ್ತಾದರೆ ಸರಕನ್ನು ಹಿಂದಿರುಗಿಸುವ ಹಕ್ಕನ್ನು ಫಿಕ್ಹ್ ಕೊಳ್ಳುವವರಿಗೆ ಕೊಟ್ಟಿದೆ. ಆದರೆ ದೋಷ ತಿಳಿದೂ ಒಪ್ಪಿ ಕೊಂಡವರಿಗೆ ಆ ಹಕ್ಕಿಲ್ಲ. ‘ಗೇರಿನಲ್ಲಿ ಸಣ್ಣ ಪ್ರಾಬ್ಲಂ ಇದೆ ಅಂತ ಹೇಳಿದ್ದೆನಲ್ಲಾ’ ಎನ್ನುವವರ ಜಾಣತನ ಇಲ್ಲಿಯೇ ಇದೆ. ಆದ್ದರಿಂದ ದೋಷ ಏನೆಂದು ಮಾರುವವರ ಕೈಯಲ್ಲೇ ಬರೆಸಿ, ಸಹಿ ಹಾಕಿಸಿ. ಮುಂದೆ ನಿಮ್ಮ ಕಾರು ಮಾರುವಾಗ ನೀವೂ ಹಾಗೆಯೇ ಬರೆದುಕೊಡಿ.

ಮಗನ ಆಸೆಯನ್ನು ಹೀಗಳೆಯಬೇಡಿ. ದುಡಿಯುವ ಹುಡುಗನಿಗೆ ಒಂದು ಒಳ್ಳೆಯ ಕಾರಿನ ಕನಸಿದ್ದರೆ ತಪ್ಪೇನು? ಅವನ ಕೈಗೆ ಒಂದು ಹಾಳೆ ಕೊಟ್ಟು ಮೂರು ಉತ್ತರ ತರಲು ಹೇಳಿ: ದೋಷದ ಹೆಸರೇನು, ಅದನ್ನು ಸರಿಮಾಡುವವರು ಯಾರು ಮತ್ತು ಎಷ್ಟಕ್ಕೆ, ಆ ದುಡ್ಡು ಸಾಲವಿಲ್ಲದೆ ಎಲ್ಲಿಂದ ಬರುತ್ತದೆ. ಮೂರೂ ಉತ್ತರ ಸಮಾಧಾನ ತಂದರೆ ಬಿಸ್ಮಿಲ್ಲಾ ಎಂದು ಕೊಳ್ಳಲಿ. ಒಂದು ಉತ್ತರ ಬಾರದಿದ್ದರೂ ಹಣ ಇನ್ನು ಸ್ವಲ್ಪ ಕಾಲ ಬ್ಯಾಂಕಿನಲ್ಲೇ ಇರಲಿ. ಕೆಂಪು ಕಾರುಗಳು ಮುಂದಿನ ತಿಂಗಳೂ ಮಾರಾಟಕ್ಕೆ ಬರುತ್ತವೆ.